100 ಯೆನ್ ಸಂಬಳಕ್ಕೆ ಜಪಾನಿನಲ್ಲಿ ಮೇಷ್ಟ್ರಾದ ವರದಿಗಾರ: ಲಾಫ್ಕಾಡಿಯೊ ಹರ್ನ್ ಬದುಕಿನ ಕಥೆ

ಸೆಪ್ಟೆಂಬರ್ ಬಂತು ಅಂದ್ರೆ ಶಿಕ್ಷಕರ ದಿನಾಚರಣೆ. 5ನೇ ತಾರೀಖು ಹಾರ, ಶಾಲು, ಭಾಷಣ ಎಲ್ಲ ಮುಗಿಯುತ್ತೆ. ಅದೇ ತಿಂಗಳ 26ಕ್ಕೆ ಇನ್ನೊಬ್ಬ ಮೇಷ್ಟ್ರು ತೀರಿಕೊಂಡ ದಿನ ಬರುತ್ತೆ. ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ. ಆದ್ರೆ ಜಪಾನಿನಲ್ಲಿ ಅವರ ಕಥೆ ಓದದೆ ಶಾಲೆ ಮುಗಿಸಿದವರು ಸಿಗೋದು ಕಷ್ಟ. ಹುಟ್ಟಿದ್ದು ಗ್ರೀಸ್ ದ್ವೀಪದಲ್ಲಿ, ಬೆಳೆದಿದ್ದು ಐರ್ಲೆಂಡಿನಲ್ಲಿ, ಅನ್ನ ಹುಡುಕಿದ್ದು ಅಮೆರಿಕಾದಲ್ಲಿ, ಮಣ್ಣಾಗಿದ್ದು ಜಪಾನಿನಲ್ಲಿ. ಹೆಸರು ಲಾಫ್ಕಾಡಿಯೊ ಹರ್ನ್. ಸಾಯುವಾಗ ಆ ಹೆಸರೂ ಇರಲಿಲ್ಲ, ಕೊಯಿಜುಮಿ ಯಾಕುಮೊ ಆಗಿದ್ದರು.

ಈಗ ನಮ್ಮ ಊರುಗಳಲ್ಲೂ ಬಿ.ಎಡ್ ಮುಗಿಸಿದ ಹುಡುಗ ಹುಡುಗಿಯರು ದುಬೈ, ಮಾಲ್ಡೀವ್ಸ್, ಆಫ್ರಿಕಾ ಅಂತ ಮೇಷ್ಟ್ರ ಕೆಲಸಕ್ಕೆ ಹೊರಡೋ ಮಾತು ಕೇಳಿಬರುತ್ತೆ. ಸಂಬಳ ಎಷ್ಟು, ವೀಸಾ ಯಾರು ಮಾಡಿಸ್ತಾರೆ, ಮನೆ ಕೊಡ್ತಾರಾ, ಅಲ್ಲೇ ಮದುವೆ ಆದ್ರೆ ಏನು ಗತಿ, ಮಕ್ಕಳು ಯಾವ ದೇಶದವರು ಆಗ್ತಾರೆ. ಈ ಪ್ರಶ್ನೆ ಒಂದೂ ಹೊಸದಲ್ಲ. 130 ವರ್ಷದ ಹಿಂದೆ ಹರ್ನ್ ಇದನ್ನೆಲ್ಲ ಲೆಕ್ಕ ಹಾಕಿ ಹಾಕಿ ತಲೆ ಬಿಸಿ ಮಾಡಿಕೊಂಡಿದ್ದ ಮನುಷ್ಯ.

ಹುಟ್ಟಿದ್ದು 1850ರ ಜೂನ್ 27ಕ್ಕೆ, ಲೆಫ್ಕಾಡ ಅನ್ನೋ ದ್ವೀಪದಲ್ಲಿ. ಊರಿನ ಹೆಸರನ್ನೇ ಮಗನಿಗೆ ಇಟ್ಟರು. ಅಪ್ಪ ಚಾರ್ಲ್ಸ್ ಹರ್ನ್ ಬ್ರಿಟಿಷ್ ಸೈನ್ಯದ ಡಾಕ್ಟರು, ಐರ್ಲೆಂಡಿನವರು. ತಾಯಿ ರೋಸಾ ಗ್ರೀಕ್ ಹೆಂಗಸು. ಮಗುವಿಗೆ ಎರಡು ವರ್ಷ ಆದಾಗ ತಾಯಿ ಮಗನನ್ನ ಡಬ್ಲಿನ್‌ಗೆ ಗಂಡನ ಮನೆಗೆ ಕರೆದುಕೊಂಡು ಬಂದಳು. ಭಾಷೆ ಬರಲ್ಲ, ಜಾತಿ ಬೇರೆ ಅನ್ನೋ ಹಾಗೆ ಪಂಥ ಬೇರೆ, ಚಳಿ ಬೇರೆ. 1854ರಲ್ಲಿ ಆಕೆ ಗ್ರೀಸ್‌ಗೆ ವಾಪಸ್ ಹೋದಳು. ಮಗ ಮತ್ತೆ ತಾಯಿ ಮುಖ ನೋಡಲೇ ಇಲ್ಲ.

ಅಪ್ಪ ಆ ಮದುವೆಯನ್ನ ರದ್ದು ಮಾಡಿಸಿ, 1857ರಲ್ಲಿ ಇನ್ನೊಂದು ಮದುವೆ ಆಗಿ, ಹೆಂಡತಿ ಕಟ್ಟಿಕೊಂಡು ಹೋಗಿದ್ದು ಎಲ್ಲಿಗೆ ಗೊತ್ತಾ? ನಮ್ಮ ಪಕ್ಕದ ಸಿಕಂದರಾಬಾದಿಗೆ. ಅಲ್ಲಿನ ಬ್ರಿಟಿಷ್ ದಂಡಿನಲ್ಲಿ ಡಾಕ್ಟರಾಗಿ. ಎರಡನೇ ಹೆಂಡತಿ ಅಲ್ಲೇ ತೀರಿಕೊಂಡಳು. ಆತ ಸ್ವತಃ 1866ರಲ್ಲಿ ಊರಿಗೆ ವಾಪಸ್ ಹೋಗೋ ಹಡಗಿನಲ್ಲಿ, ಸೂಯೆಜ್ ಹತ್ತಿರ, ಮಲೇರಿಯಾ ಜ್ವರಕ್ಕೆ ಸತ್ತ. ಮೊದಲ ಹೆಂಡತಿ ಮಗನಿಗೆ ಅಪ್ಪ ಅಂದ್ರೆ ದೂರದ ಇಂಡಿಯಾದ ಒಂದು ಹೆಸರು ಅಷ್ಟೇ.

ಹುಡುಗನನ್ನ ಸಾಕಿದ್ದು ಅಪ್ಪನ ಕಡೆಯ ಒಬ್ಬ ಶ್ರೀಮಂತ ಅಜ್ಜಿ, ಸಾರಾ ಬ್ರೆನೇನ್. ದೊಡ್ಡ ಮನೆ, ಕತ್ತಲೆ ಕೋಣೆ. ಹುಡುಗನಿಗೆ ದೆವ್ವದ ಭಯ. ಭಯ ಬಿಡಿಸೋಕೆ ಅಂತ ಕೋಣೆಗೆ ಬೀಗ ಹಾಕಿ ದೀಪ ಇಲ್ಲದೆ ಮಲಗಿಸುತ್ತಿದ್ದರು. ಭಯ ಹೋಗಲಿಲ್ಲ, ಜೀವನಪೂರ್ತಿ ಉಳೀತು. ಮುಂದೆ ಅದೇ ಭಯ ಅವನ ಅನ್ನ ಆಯಿತು ಅನ್ನೋದು ಬೇರೆ ವಿಷಯ.

16ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಅಷಾ ಅನ್ನೋ ಬೋರ್ಡಿಂಗ್ ಶಾಲೆಯಲ್ಲಿ ಆಟ ಆಡುವಾಗ ಹಗ್ಗದ ಗಂಟು ಬಡಿದು ಎಡಗಣ್ಣು ಹೋಯಿತು. ಕಣ್ಣು ಬೆಳ್ಳಗಾಯಿತು. ಬಲಗಣ್ಣೂ ಮೊದಲೇ ಮಂಜು, ಓದಿ ಓದಿ ಅದು ಉಬ್ಬಿಕೊಂಡಿತು. ಹರ್ನ್ ಫೋಟೋ ಹುಡುಕಿ ನೋಡಿ. ಬಹುತೇಕ ಎಲ್ಲದರಲ್ಲೂ ಮುಖ ಒಂದು ಪಕ್ಕಕ್ಕೆ ತಿರುಗಿರುತ್ತೆ, ಇಲ್ಲಾ ತಲೆ ತಗ್ಗಿಸಿರುತ್ತಾರೆ. ಎಡಗಣ್ಣು ಕಾಣಬಾರದು. ಹೆಂಡತಿ ಜೊತೆಗಿನ ಫೋಟೋದಲ್ಲೂ ಹಾಗೇ.

ಅಷ್ಟರಲ್ಲಿ ಅಜ್ಜಿಯ ದುಡ್ಡು ಮುಳುಗಿತು. ನಂಬಿಕಸ್ಥ ಸಂಬಂಧಿಕನೊಬ್ಬ ವ್ಯಾಪಾರಕ್ಕೆ ಹಾಕಿಸಿ ದಿವಾಳಿ ಆದ. ಹುಡುಗನ ಓದು ಅರ್ಧಕ್ಕೆ ನಿಂತಿತು. ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. 1869ರಲ್ಲಿ, 19 ವರ್ಷಕ್ಕೆ, ಕೈಗೆ ಹಡಗಿನ ಟಿಕೆಟ್ ಕೊಟ್ಟು ಅಮೆರಿಕಾಕ್ಕೆ ಸಾಗಹಾಕಿದರು. ಸಿನ್ಸಿನಾಟಿ ಊರಲ್ಲಿ ನೆಂಟರು ಇದ್ದಾರೆ, ನೋಡಿಕೊಳ್ತಾರೆ ಅಂತ. ನೆಂಟರು ಸ್ವಲ್ಪ ದುಡ್ಡು ಕೈಗಿಟ್ಟು ಬಾಗಿಲು ಹಾಕಿಕೊಂಡರು.

ಕುದುರೆ ಲಾಯದಲ್ಲಿ ಮಲಗಿದ. ಹೋಟೆಲಿನಲ್ಲಿ ಕೆಲಸ ಮಾಡಿದ. ಕೊನೆಗೆ ಹೆನ್ರಿ ವಾಟ್ಕಿನ್ ಅನ್ನೋ ಇಂಗ್ಲಿಷ್ ಮುದ್ರಕ ತನ್ನ ಪ್ರೆಸ್ಸಿನಲ್ಲಿ ಜಾಗ ಕೊಟ್ಟ. ಕಾಗದದ ಚೂರಿನ ರಾಶಿಯೇ ಹಾಸಿಗೆ. ಹಗಲು ಕೆಲಸ, ರಾತ್ರಿ ಪ್ರೆಸ್ಸಿನಲ್ಲಿದ್ದ ಪುಸ್ತಕ. ಪ್ರೆಸ್ಸಿನವರು ಯಾರಾದ್ರೂ ಇದನ್ನ ಓದ್ತಿದ್ರೆ ಹೆಮ್ಮೆ ಪಡಬಹುದು, ಹರ್ನ್‌ಗೆ ಕಾಲೇಜು ಅಂತ ಇದ್ದಿದ್ರೆ ಅದು ವಾಟ್ಕಿನ್ ಪ್ರೆಸ್ಸೇ. ಮುಂದೆಯೂ ಆ ಮನುಷ್ಯನಿಗೆ ಕಾಗದ ಬರೀತಿದ್ದರು.

1872ರಲ್ಲಿ ಸಿನ್ಸಿನಾಟಿ ಎನ್ಕ್ವೈರರ್ ಪತ್ರಿಕೆಗೆ ಬಿಡಿ ಬಿಡಿ ಲೇಖನ ಕೊಡೋಕೆ ಶುರು ಮಾಡಿದ. ಬರೆದಷ್ಟಕ್ಕೆ ಕಾಸು. ಈಗಿನ ಭಾಷೇಲಿ ಹೇಳೋದಾದ್ರೆ ಸ್ಟ್ರಿಂಗರ್. ಕೊಲೆ, ಬೆಂಕಿ, ಕಸಾಯಿಖಾನೆ, ನದಿ ದಂಡೆಯ ಕೂಲಿಗಳ ಹಾಡು, ಇದೇ ಅವನ ಬೀಟ್. 1874ರಲ್ಲಿ ಚರ್ಮ ಹದ ಮಾಡೋ ಕಾರ್ಖಾನೆಯೊಂದರಲ್ಲಿ ನಡೆದ ಕೊಲೆಯನ್ನ ಎಷ್ಟು ಬಿಡಿಸಿ ಬರೆದ ಅಂದ್ರೆ ಊರಿಗೆ ಊರೇ ಪೇಪರ್‌ಗೆ ಮುಗಿಬಿತ್ತು. ಕೆಲಸ ಕಾಯಂ ಆಗಿತ್ತು, ಹೆಸರೂ ಬಂತು.

ಅದೇ ವರ್ಷ ಮ್ಯಾಟಿ ಫೋಲಿ ಅನ್ನೋ ಹೆಂಗಸನ್ನ ಮದುವೆಯಾದ. ಆಕೆ ಗುಲಾಮಳಾಗಿ ಹುಟ್ಟಿದವಳು, ಅವನಿದ್ದ ಬೋರ್ಡಿಂಗ್ ಮನೆಯ ಅಡುಗೆಯವಳು. ಕಪ್ಪು ಬಿಳಿ ಮದುವೆ ಆಗಿನ ಓಹಿಯೊ ಕಾನೂನಿನಲ್ಲಿ ಅಪರಾಧ. ಸುದ್ದಿ ಹೊರಬಿತ್ತು, 1875ರಲ್ಲಿ ಪತ್ರಿಕೆ ಕೆಲಸದಿಂದ ತೆಗೆದುಹಾಕಿತು. ಇನ್ನೊಂದು ಪತ್ರಿಕೆ ಸೇರಿಕೊಂಡ. ಆದ್ರೆ ಸಂಸಾರ ನಿಲ್ಲಲಿಲ್ಲ. 1877ರಲ್ಲಿ ಆಕೆಯನ್ನ ಬಿಟ್ಟು ನ್ಯೂ ಆರ್ಲಿಯನ್ಸ್‌ಗೆ ಹೊರಟುಹೋದ. ಕಾನೂನಿಗೆ ಹೆದರದೆ ಮದುವೆಯಾಗಿದ್ದು ದೊಡ್ಡದು ಅಂತ ಬರೆಯೋರು, ಬಿಟ್ಟುಹೋಗಿದ್ದನ್ನೂ ಬರೀಬೇಕು. ಅವನಪ್ಪ ತಾಯಿಗೆ ಮಾಡಿದ್ದೂ ಇದೇ ಅಲ್ವಾ.

ನ್ಯೂ ಆರ್ಲಿಯನ್ಸ್ ಬಗ್ಗೆ ಒಂದೇ ಸಂಗತಿ ಹೇಳ್ತೀನಿ, ಅಂಗಡಿಯವರಿಗೆ ಇಷ್ಟ ಆಗುತ್ತೆ. 1879ರಲ್ಲಿ ಹರ್ನ್ ಪತ್ರಿಕೆ ಸಾಕಾಗಿ ಹೋಟೆಲ್ ಇಟ್ಟ. ಯಾವ ಐಟಂ ತಗೊಂಡ್ರೂ 5 ಸೆಂಟ್. ಹೋಟೆಲ್ ಹೆಸರು ಏನು ಅಂತೀರಾ, ಕಷ್ಟಕಾಲ. ಬೋರ್ಡಿನಲ್ಲೇ ಹಾಗೆ ಬರೆಸಿದ್ದ. ಒಂದು ತಿಂಗಳು ಕೂಡ ಆಗಲಿಲ್ಲ, ಪಾಲುದಾರ ಗಲ್ಲಾ ಖಾಲಿ ಮಾಡಿಕೊಂಡು ಪರಾರಿ. ಹರ್ನ್ ಮತ್ತೆ ಪೇಪರ್‌ಗೆ ವಾಪಸ್.

1884ರಲ್ಲಿ ಅದೇ ಊರಲ್ಲಿ ದೊಡ್ಡ ವಸ್ತುಪ್ರದರ್ಶನ ಶುರುವಾಯಿತು. ಜಪಾನ್ ಸರ್ಕಾರದ ಮಳಿಗೆ ಇತ್ತು. ಹರ್ನ್ ದಿನಾ ಹೋಗಿ ನಿಲ್ಲೋದು, ಬರೆಯೋದು. ಮಳಿಗೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ಹತ್ತೋರಿ ಇಚಿಜೊ ಪರಿಚಯ ಆದರು. ಆ ಪರಿಚಯ ಆರು ವರ್ಷ ಆದ ಮೇಲೆ ಕೆಲಸಕ್ಕೆ ಬಂತು. ಮಧ್ಯೆ ಎರಡು ವರ್ಷ ಹರ್ನ್ ವೆಸ್ಟ್ ಇಂಡೀಸ್‌ನ ಮಾರ್ಟಿನಿಕ್ ದ್ವೀಪದಲ್ಲಿ ಕಳೆದ.

ಯೊಕೊಹಾಮ ಬಂದರಿನಲ್ಲಿ ಕೆಲಸ ಬಿಟ್ಟಾಗ

1890ರ ಏಪ್ರಿಲ್ 4. ಹರ್ನ್ ಯೊಕೊಹಾಮದಲ್ಲಿ ಹಡಗು ಇಳಿದಾಗ ವಯಸ್ಸು 39. ಬಂದಿದ್ದು ಮೇಷ್ಟ್ರಾಗೋಕಲ್ಲ, ನ್ಯೂಯಾರ್ಕಿನ ಹಾರ್ಪರ್ಸ್ ಪತ್ರಿಕೆಗೆ ಲೇಖನ ಬರೆಯೋಕೆ. ಜೊತೆಗೆ ಚಿತ್ರ ಬಿಡಿಸೋ ಕಲಾವಿದನೂ ಬಂದಿದ್ದ. ದಾರಿಯಲ್ಲೇ ಗೊತ್ತಾಯಿತು, ತನಗಿಂತ ಚಿತ್ರ ಬಿಡಿಸುವವನಿಗೆ ಡಬಲ್‌ಗಿಂತ ಜಾಸ್ತಿ ಸಂಬಳ. ಬರೆಯೋನು ಮುಖ್ಯನಾ, ಚಿತ್ರದವನು ಮುಖ್ಯನಾ? ಹರ್ನ್‌ಗೆ ಸಿಟ್ಟು ಬೇಗ. ಪತ್ರಿಕೆಗೆ ಕೆಟ್ಟದಾಗಿ ಬೈದು ಕಾಗದ ಬರೆದು ಸಂಬಂಧ ಕಡಿದುಕೊಂಡ. ಗೊತ್ತಿಲ್ಲದ ದೇಶ, ಭಾಷೆ ಬರಲ್ಲ, ಕಣ್ಣು ಒಂದು, ಜೇಬು ಖಾಲಿ.

ಆಗ ಕೈ ಹಿಡಿದವರು ಇಬ್ಬರು. ಒಬ್ಬರು ಟೋಕಿಯೊ ವಿಶ್ವವಿದ್ಯಾಲಯದ ಬ್ರಿಟಿಷ್ ಪ್ರೊಫೆಸರ್ ಬ್ಯಾಸಿಲ್ ಹಾಲ್ ಚೇಂಬರ್ಲೇನ್. ಇನ್ನೊಬ್ಬರು ವಸ್ತುಪ್ರದರ್ಶನದ ಹತ್ತೋರಿ, ಈಗ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆ. ಆ ಕಾಲಕ್ಕೆ ಜಪಾನ್ ಸರ್ಕಾರ ವಿದೇಶದಿಂದ ಇಂಜಿನಿಯರು, ಡಾಕ್ಟರು, ಮೇಷ್ಟ್ರುಗಳನ್ನ ಕಾಂಟ್ರಾಕ್ಟ್ ಮೇಲೆ ಕರೆಸಿಕೊಳ್ಳುತ್ತಿತ್ತು. ಪಶ್ಚಿಮ ಕರಾವಳಿಯ ಮತ್ಸುಯೆ ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಖಾಲಿ ಇತ್ತು. ಒಂದು ವರ್ಷದ ಕರಾರು. ತಿಂಗಳಿಗೆ 100 ಯೆನ್. ಡಿಗ್ರಿ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಇಂಗ್ಲಿಷ್ ಬರುತ್ತಾ, ಬರುತ್ತೆ, ಅಷ್ಟೇ. ಇಲ್ಲಿಂದ ಮುಂದೆ ನಾನು ಇವರನ್ನ ಮೇಷ್ಟ್ರು ಅಂತಲೇ ಕರೀತೀನಿ.

ಮತ್ಸುಯೆಗೆ ಆಗ ರೈಲಿಲ್ಲ. ಬೆಟ್ಟ ದಾಟಿ ಮನುಷ್ಯರು ಎಳೆಯೋ ರಿಕ್ಷಾದಲ್ಲಿ ನಾಲ್ಕು ದಿನದ ದಾರಿ. ಆಗಸ್ಟ್ ಕೊನೆಗೆ ಊರು ಮುಟ್ಟಿದರು. ದೊಡ್ಡ ಸರೋವರದ ದಂಡೆ, ಮಧ್ಯೆ ಹಳೇ ಕೋಟೆ, ಕೋಟೆ ಸುತ್ತ ಕಂದಕ. ಒಂದು ಕಾಲಕ್ಕೆ ಸಮುರಾಯ್ ಮನೆತನಗಳ ಊರು. 1868ರ ನಂತರ ಹೊಸ ಸರ್ಕಾರ ಬಂದು ಸಮುರಾಯ್‌ಗಳಿಗೆ ಬರುತ್ತಿದ್ದ ಅಕ್ಕಿ ಸಂಬಳ ನಿಂತು, ಮನೆತನಗಳೆಲ್ಲ ಪಾತ್ರೆ ಪಗಡ ಮಾರಿಕೊಂಡು ಬದುಕುತ್ತಿದ್ದವು.

ಎರಡು ಶಾಲೆ. ಒಂದು ಜಿಲ್ಲೆಯ ಮಿಡ್ಲ್ ಸ್ಕೂಲು. ಇನ್ನೊಂದು ಮೇಷ್ಟ್ರುಗಳನ್ನ ತಯಾರು ಮಾಡೋ ನಾರ್ಮಲ್ ಸ್ಕೂಲು, ಅಂದ್ರೆ ನಮ್ಮ ಹಳೇ ಟಿ.ಸಿ.ಎಚ್ ಟ್ರೇನಿಂಗ್ ಇದ್ದ ಹಾಗೆ. ಅಲ್ಲಿ ಊಟ, ವಸತಿ, ಓದು ಸರ್ಕಾರದ್ದು, ಓದಿದ ಮೇಲೆ ಸರ್ಕಾರ ಹೇಳಿದ ಕಡೆ ಪಾಠ ಮಾಡಬೇಕು. ಶಿಸ್ತು ಮಿಲಿಟರಿ ಥರ. ಮಿಡ್ಲ್ ಸ್ಕೂಲಿನ ಹುಡುಗರೇ ಮೇಷ್ಟ್ರಿಗೆ ಹತ್ತಿರ ಆದರು.

ಮೇಷ್ಟ್ರಿಗೆ ಜಪಾನಿ ಬರಲ್ಲ, ಹುಡುಗರಿಗೆ ಇಂಗ್ಲಿಷ್ ಅರ್ಧಂಬರ್ಧ. ಮಧ್ಯೆ ಸೇತುವೆ ಆಗಿದ್ದು ಮುಖ್ಯ ಶಿಕ್ಷಕ ನಿಶಿದ ಸೆಂತಾರೊ. ಮೇಷ್ಟ್ರಿಗಿಂತ 12 ವರ್ಷ ಚಿಕ್ಕವರು, ಇಂಗ್ಲಿಷ್ ಚೆನ್ನಾಗಿ ಗೊತ್ತು. ಮನೆ ಹುಡುಕಿಕೊಟ್ಟವರು, ಗವರ್ನರ್ ಮುಂದೆ ಕರೆದುಕೊಂಡು ಹೋದವರು, ಪದ್ಧತಿ ಹೇಳಿಕೊಟ್ಟವರು ಎಲ್ಲ ಅವರೇ. ವಿದೇಶಕ್ಕೆ ಹೋದ ಯಾವ ಮೇಷ್ಟ್ರಿಗೂ ಇಂಥ ಒಬ್ಬ ಸಹೋದ್ಯೋಗಿ ಸಿಗದಿದ್ರೆ ಮೊದಲ ಮೂರು ತಿಂಗಳು ದಾಟೋದೇ ಕಷ್ಟ. ನಿಶಿದ 1897ರಲ್ಲಿ ಕ್ಷಯದಿಂದ ತೀರಿಕೊಂಡರು, ಆಗ ಬರೀ 34 ವರ್ಷ.

ಪಾಠ ಹೇಗೆ ಮಾಡುತ್ತಿದ್ದರು? ಹುಡುಗರಿಗೆ ದಿನ ನೋಡೋದರ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸುತ್ತಿದ್ದರು. ಹೂವು, ದೆವ್ವ, ಹಬ್ಬ, ಊರಿನ ಗುಡಿ. ತಪ್ಪಿಗೆ ಕೆಂಪು ಶಾಯಿ ಬಳಿಯೋದಕ್ಕಿಂತ, ಈ ಹುಡುಗ ಯಾಕೆ ಹೀಗೆ ಯೋಚನೆ ಮಾಡ್ತಾನೆ ಅಂತ ಕೂತು ನೋಡೋರು. ಸಂಜೆ ಹುಡುಗರು ಮನೆಗೆ ಬರೋರು. ಮನೆಯಲ್ಲಿದ್ದ ಹಳೇ ಪಟ, ನಾಣ್ಯ ಏನಾದ್ರೂ ತಂದು ತೋರಿಸೋರು. ಮೇಷ್ಟ್ರು ತೋರಿಸಿ ಅಂದಿದ್ದಕ್ಕಲ್ಲ, ಅವರಿಗೆ ಇಷ್ಟ ಅಂತ ಗೊತ್ತಾಗಿ.

ಆ ಹುಡುಗರಲ್ಲಿ ಯೊಕೊಗಿ ಅಂತ ಒಬ್ಬ. ಬಡ ಬಡಗಿಯ ಮಗ. ಚೆನ್ನಾಗಿ ಓದ್ತಾನೆ ಅಂತ ಊರಿನ ಸಾಹುಕಾರರೊಬ್ಬರು ಖರ್ಚು ಕೊಡುತ್ತಿದ್ದರು. ಅತಿಯಾಗಿ ಓದಿ, ಮೈ ಸೋತು, ಹುಡುಗ ಹಾಸಿಗೆ ಹಿಡಿದ. ಸಾಯುವ ಮುಂಚೆ ಅವನ ಆಸೆ ಒಂದೇ, ಶಾಲೆ ಇನ್ನೊಂದ್ಸಲ ನೋಡಬೇಕು. ರಾತ್ರಿ ಹೊತ್ತು ಚಳಿಯಲ್ಲಿ ಆಳೊಬ್ಬ ಅವನನ್ನ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಕತ್ತಲಲ್ಲಿ ನಿಂತ ಶಾಲೆ ಕಟ್ಟಡ ತೋರಿಸಿಕೊಂಡು ಬಂದ. ಆಮೇಲೆ ಹುಡುಗ ಉಳಿಯಲಿಲ್ಲ. ಆ ಒಂದೂವರೆ ವರ್ಷದೊಳಗೆ ಶಿದ ಅನ್ನೋ ಇನ್ನೊಬ್ಬ ಒಳ್ಳೆ ಹುಡುಗನೂ ಹೋದ. ಮೇಷ್ಟ್ರು ಇದನ್ನೆಲ್ಲ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ, 1894ರಲ್ಲಿ ಬಂದ ಅವರ ಜಪಾನ್ ಪುಸ್ತಕದಲ್ಲಿ ಅದು ಸೇರಿದೆ. ವಿದೇಶಕ್ಕೆ ಹೋದವರು ಬರೆಯೋ ದೇವಸ್ಥಾನ, ಬೆಟ್ಟ, ಊಟದ ವರ್ಣನೆ ಅದರಲ್ಲೂ ಬೇಕಾದಷ್ಟಿದೆ. ನನಗೆ ನಿಂತಿದ್ದು ಮಾತ್ರ ಬೆನ್ನ ಮೇಲೆ ಕೂತು ಶಾಲೆ ನೋಡಿದ ಆ ಹುಡುಗ.

ಸೆತ್ಸು

ಮೊದಲ ಚಳಿಗಾಲಕ್ಕೇ ಮೇಷ್ಟ್ರು ಮಲಗಿಬಿಟ್ಟರು. ಮಾರ್ಟಿನಿಕ್ ಬಿಸಿಲಿಗೆ ಹೊಂದಿದ ಮೈ, ಮತ್ಸುಯೆಯಲ್ಲಿ ಸೊಂಟದೆತ್ತರ ಹಿಮ. ಕಾಗದದ ಬಾಗಿಲ ಮನೆ. ನೋಡಿಕೊಳ್ಳೋಕೆ ಯಾರಾದ್ರೂ ಬೇಕು ಅಂತಾಯಿತು. 1891ರ ಶುರುವಿನಲ್ಲಿ ಕೊಯಿಜುಮಿ ಸೆತ್ಸು ಮನೆಗೆ ಬಂದರು.

ಸೆತ್ಸು ಹುಟ್ಟಿದ್ದು 1868ರಲ್ಲಿ, ಸಮುರಾಯ್ ಆಳ್ವಿಕೆ ಮುಗಿದ ಅದೇ ವರ್ಷ. ಒಳ್ಳೆ ಮನೆತನ. ಹುಟ್ಟಿದ ಕೂಡಲೇ ಇನಗಾಕಿ ಅನ್ನೋ ಇನ್ನೊಂದು ಸಮುರಾಯ್ ಮನೆಗೆ ದತ್ತು ಕೊಟ್ಟರು. ಎರಡೂ ಮನೆ ಬಡತನಕ್ಕೆ ಬಿದ್ದವು. ಪ್ರಾಥಮಿಕ ಶಾಲೆಗೇ ಓದು ನಿಂತು, ಹುಡುಗಿ ಮಗ್ಗದ ಮುಂದೆ ಕೂತಳು. ಮದುವೆ ಮಾಡಿ ಅಳಿಯನನ್ನ ಮನೆಗೆ ತಂದರೆ, ಸಾಲದ ಮನೆ ನೋಡಿ ಅವನು ಓಡಿಹೋದ. ವಿದೇಶಿಯ ಮನೆಗೆ ಹೋದ ಹೆಂಗಸು ಅಂದ್ರೆ ಆ ಕಾಲದ ಊರು ಏನೆಲ್ಲ ಅಂದಿರಬಹುದು, ಅದನ್ನ ನಾನು ಬೇರೆ ಹೇಳಬೇಕಾಗಿಲ್ಲ. ಆಕೆ ಹೋಗಿದ್ದು ಮನೆಮಂದಿ ಊಟಕ್ಕೆ. ಆಮೇಲೆ ಇಬ್ಬರೂ ಗಂಡ ಹೆಂಡತಿ ಆದರು, 13 ವರ್ಷ ಬಾಳಿದರು, ನಾಲ್ಕು ಮಕ್ಕಳಾದವು.

ಆಕೆಗೆ ಇಂಗ್ಲಿಷ್ ಬರಲ್ಲ, ಅವರಿಗೆ ಜಪಾನಿ ಬರಲ್ಲ. ಇಬ್ಬರೂ ಸೇರಿ ತಮ್ಮದೇ ಒಂದು ಮುರುಕು ಜಪಾನಿ ಮಾಡಿಕೊಂಡರು. ವಿಭಕ್ತಿ ಇಲ್ಲ, ಕ್ರಿಯಾಪದ ತಿರುಗಲ್ಲ, ಪದ ಪಕ್ಕ ಪದ ಜೋಡಿಸೋದು. ಹರ್ನ್ ಭಾಷೆ ಅಂತಲೇ ಜಪಾನಿನಲ್ಲಿ ಅದಕ್ಕೆ ಹೆಸರು ಬಿದ್ದಿದೆ. 14 ವರ್ಷ ಆ ದೇಶದಲ್ಲಿದ್ದರೂ ಮೇಷ್ಟ್ರು ಜಪಾನಿ ಪುಸ್ತಕ ಓದೋ ಮಟ್ಟಕ್ಕೆ ಬರಲೇ ಇಲ್ಲ. ಹೊರದೇಶಕ್ಕೆ ಹೋಗೋರಿಗೆ ಭಾಷೆ ಮೊದಲು ಕಲೀರಿ ಅಂತ ನಾವು ಬುದ್ಧಿ ಹೇಳ್ತೀವಿ. ಇವರು ಕಲೀಲಿಲ್ಲ, ಆದ್ರೆ ಇವರ ಪುಸ್ತಕಗಳಿಂದಲೇ ಜಪಾನ್ ಅಂದ್ರೆ ಏನು ಅಂತ ಇಂಗ್ಲಿಷ್ ಓದೋ ಜಗತ್ತಿಗೆ ಗೊತ್ತಾಯಿತು.

ಅದರ ಗುಟ್ಟು ಸೆತ್ಸು. ರಾತ್ರಿ ದೀಪ ಸಣ್ಣಗೆ ಮಾಡಿ ಆಕೆ ಹಳೇ ದೆವ್ವದ ಕಥೆ ಹೇಳಬೇಕು. ಪುಸ್ತಕ ನೋಡಿ ಓದೋ ಹಾಗಿಲ್ಲ. ನೀನೇ ನಿನ್ನ ಮಾತಲ್ಲಿ ಹೇಳು ಅನ್ನೋದು ಮೇಷ್ಟ್ರ ಹಠ. ಒಂದೇ ಕಥೆ ಮತ್ತೆ ಮತ್ತೆ ಹೇಳಿಸೋರು. ಆಗ ಅವನ ದನಿ ಹೇಗಿತ್ತು, ಬಾಗಿಲು ತೆಗೆದಾಗ ಸದ್ದು ಹೇಗೆ ಬಂತು ಅಂತ ಕೇಳೋರು. ಮುಖ ಬೆಳ್ಳಗಾಗಿ ಹೆದರಿ ಕೂರೋರು. ಆಕೆ ಹಳೇ ಪುಸ್ತಕದ ಅಂಗಡಿ ಸುತ್ತಿ ಕಥೆ ಹುಡುಕಿ ತಂದು, ಓದಿಕೊಂಡು, ಆಮೇಲೆ ಬಾಯಲ್ಲಿ ಹೇಳೋರು. ಎಷ್ಟೋ ರಾತ್ರಿ ಆಕೆಗೇ ಕೆಟ್ಟ ಕನಸು ಬೀಳುತ್ತಿತ್ತು. ಹೀಗೆ ಬಂದಿದ್ದು ಕಿವಿ ಕಳೆದುಕೊಂಡ ಕುರುಡು ಹಾಡುಗಾರ ಹೊಯಿಚಿಯ ಕಥೆ. ಸತ್ತ ಯೋಧರ ಪ್ರೇತಗಳು ಕರೆದುಕೊಂಡು ಹೋಗಬಾರದು ಅಂತ ಹೊಯಿಚಿಯ ಮೈಮೇಲೆಲ್ಲ ಮಂತ್ರ ಬರೀತಾರೆ, ಕಿವಿ ಮೇಲೆ ಬರೆಯೋದು ಮರೆತುಬಿಡ್ತಾರೆ. ಕಿವಿ ಮಾತ್ರ ಪ್ರೇತಕ್ಕೆ ಕಾಣುತ್ತೆ. ನಮ್ಮಲ್ಲಿ ಬಾಗಿಲ ಮೇಲೆ ನಾಳೆ ಬಾ ಅಂತ ಸುಣ್ಣದಲ್ಲಿ ಬರೆದು ದೆವ್ವ ವಾಪಸ್ ಕಳಿಸ್ತಿದ್ದ ಕಾಲ ನೆನಪಿರೋರಿಗೆ ಈ ಕಥೆ ಬೇರೆ ದೇಶದ್ದು ಅನ್ನಿಸಲ್ಲ.

ಮತ್ಸುಯೆಯಲ್ಲಿ ಇದ್ದಿದ್ದು ಒಂದೂವರೆ ವರ್ಷದ ಒಳಗೆ ಮಾತ್ರ. ಇನ್ನೊಂದು ಚಳಿಗಾಲ ತಡೆಯಲ್ಲ ಅಂತ ಗೊತ್ತಿತ್ತು. ಜೊತೆಗೆ ಲೆಕ್ಕ. ಸೆತ್ಸು ಹಿಂದೆ ಆಕೆಯ ಸಾಕು ತಂದೆ ತಾಯಿ, ಹೆತ್ತ ಮನೆಯವರು, ಆಳು ಕಾಳು ಎಲ್ಲ ಈ ಒಂದು ಸಂಬಳದ ಮೇಲೆ ನಿಂತಿದ್ದರು. ದಕ್ಷಿಣದ ಕುಮಾಮೊತೊ ಊರಿನ ಸರ್ಕಾರಿ ಹೈಯರ್ ಮಿಡ್ಲ್ ಸ್ಕೂಲಿನಲ್ಲಿ 200 ಯೆನ್ ಕೊಡ್ತೀವಿ ಅಂದರು. 1891ರ ನವೆಂಬರ್‌ನಲ್ಲಿ ಹೊರಟರು. ಬೆಳಗ್ಗೆ ಸುಮಾರು 200 ಹುಡುಗರು ಮನೆ ಮುಂದೆ ಬಂದು ನಿಂತಿದ್ದರು, ದೋಣಿ ಕಟ್ಟೆವರೆಗೂ ಬಂದು ಕಳಿಸಿಕೊಟ್ಟರು.

ಕುಮಾಮೊತೊದಲ್ಲಿ ಹೆಡ್ಮಾಸ್ಟರ್ ಯಾರು ಗೊತ್ತಾ? ಕಾನೊ ಜಿಗೊರೊ, ಜೂಡೊ ಆಟ ಕಂಡುಹಿಡಿದವರು. ಆದ್ರೂ ಮೇಷ್ಟ್ರಿಗೆ ಊರು ಹಿಡಿಸಲಿಲ್ಲ. 1877ರ ದಂಗೆಯಲ್ಲಿ ಸುಟ್ಟುಹೋಗಿ ಹೊಸದಾಗಿ ಕಟ್ಟಿದ ಊರು, ದಂಡಿನ ಬ್ಯಾರಕ್ಕು. ದೊಡ್ಡ ಹುಡುಗರು, ಪಾಠ ಮುಗೀತು ಅಂದ್ರೆ ಎದ್ದು ಹೋಗೋರು. ಟೀಚರ್ಸ್ ರೂಮಿನಲ್ಲೂ ಒಬ್ಬರೇ. ಸಂಬಳ ಡಬಲ್ ಆಯಿತು, ಖುಷಿ ಅರ್ಧ ಆಯಿತು. ಮೂರು ವರ್ಷ ಹೇಗೋ ದೂಡಿದರು. ಅಲ್ಲೇ 1893ರ ನವೆಂಬರ್‌ನಲ್ಲಿ ಮೊದಲ ಮಗ ಕಜುವೊ ಹುಟ್ಟಿದ.

ಯಾವ ದೇಶದ ಮಗ?

ಮಗ ಹುಟ್ಟಿದ ಮೇಲೆ ಅಸಲಿ ತಲೆನೋವು ಶುರು. ಮೇಷ್ಟ್ರು ಬ್ರಿಟಿಷ್ ಪ್ರಜೆ. ಸೆತ್ಸು ಜೊತೆ ಮದುವೆ ಬ್ರಿಟಿಷ್ ಕಾನೂನಿನಲ್ಲಿ ನೋಂದಣಿ ಆಗಿಲ್ಲ. ಇವರು ನಾಳೆ ಸತ್ತರೆ ಹೆಂಡತಿ ಮಕ್ಕಳಿಗೆ ಒಂದು ಕಾಸೂ ಬರೋ ಗ್ಯಾರಂಟಿ ಇಲ್ಲ, ಐರ್ಲೆಂಡಿನ ಯಾರೋ ನೆಂಟರು ಬಂದು ಹಕ್ಕು ಕೇಳಬಹುದು. ಹೋಗ್ಲಿ ಅಂತ ಬ್ರಿಟಿಷ್ ಕಾನೂನಿನಲ್ಲಿ ನೋಂದಣಿ ಮಾಡಿಸಿದ್ರೆ, ಸೆತ್ಸು ಮತ್ತು ಮಗು ಬ್ರಿಟಿಷ್ ಪ್ರಜೆಗಳಾಗ್ತಾರೆ. ಆಗಿನ ಜಪಾನಿನಲ್ಲಿ ವಿದೇಶಿಯರಿಗೆ ಜಮೀನು ತಗೊಳ್ಳೋ ಹಕ್ಕಿಲ್ಲ. ಗೊತ್ತುಮಾಡಿದ ಕೆಲವು ಬಂದರು ಬಿಟ್ಟು ಬೇರೆ ಕಡೆ ಇರೋಕೂ ಪರವಾನಗಿ ಬೇಕು. ತನ್ನ ಹುಟ್ಟೂರಿನಲ್ಲೇ ಆಕೆ ಪರದೇಶಿ.

ಮೂರನೇ ದಾರಿ ಒಂದಿತ್ತು. ಮೇಷ್ಟ್ರೇ ಜಪಾನಿ ಆಗಿಬಿಡೋದು. ಅದಕ್ಕೆ ಹೆಂಡತಿಯ ಮನೆತನಕ್ಕೆ ದತ್ತು ಸೇರಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಮನೆಅಳಿಯ. ಆದ್ರೆ ಅದರಲ್ಲೂ ಒಂದು ಮುಳ್ಳು. ಸರ್ಕಾರಿ ಶಾಲೆಗಳಲ್ಲಿ ವಿದೇಶಿ ಮೇಷ್ಟ್ರಿಗೆ ಒಂದು ಸಂಬಳ, ಜಪಾನಿ ಮೇಷ್ಟ್ರಿಗೆ ಒಂದು ಸಂಬಳ. ವ್ಯತ್ಯಾಸ ಸಣ್ಣದಲ್ಲ. ಜಪಾನಿ ಪ್ರಜೆ ಆದ ದಿನ, ನೀನೂ ನಮ್ಮವನೇ, ನಮ್ಮ ಸಂಬಳ ತಗೋ ಅಂದ್ರೆ ಮುಗೀತು. ಮನೆತುಂಬ ಜನ ಇದ್ದಾರೆ, ಕಣ್ಣು ಮಂಜಾಗುತ್ತಾ ಇದೆ.

1894ರಲ್ಲಿ ಮೇಷ್ಟ್ರ ಕೆಲಸ ಬಿಟ್ಟು ಕೋಬೆ ಊರಿನ ಇಂಗ್ಲಿಷ್ ಪತ್ರಿಕೆ ಸೇರಿ ನೋಡಿದರು. ದಿನಾ ಸಂಪಾದಕೀಯ ಬರೆದು ಇದ್ದ ಒಂದು ಕಣ್ಣೂ ಉರಿದು ಊದಿಕೊಂಡಿತು, ಕತ್ತಲೆ ಕೋಣೆಯಲ್ಲಿ ಮಲಗಬೇಕಾಯಿತು. ಪತ್ರಿಕೆ ಕೆಲಸ ಅಲ್ಲಿಗೆ ಕೊನೆ. ಕಣ್ಣು ಹೋದ್ರೆ ಮನೆ ಗತಿ ಏನು ಅನ್ನೋ ಪ್ರಶ್ನೆ ಇನ್ನು ದೂರದ್ದಲ್ಲ ಅಂತ ಅರ್ಥ ಆಯಿತು. 1896ರ ಫೆಬ್ರವರಿಯಲ್ಲಿ ಕಾಗದ ಪತ್ರ ಮುಗಿದು ಮೇಷ್ಟ್ರು ಜಪಾನಿ ಪ್ರಜೆ ಆದರು. ಕೊಯಿಜುಮಿ ಹೆಂಡತಿ ಮನೆ ಹೆಸರು. ಯಾಕುಮೊ ಅಂದ್ರೆ ಎಂಟು ಮೋಡ, ಮತ್ಸುಯೆ ಇರೋ ಇಜುಮೊ ಸೀಮೆಯ ಹಳೇ ಬಿರುದು. ತಾನು ಮೊದಲು ಪಾಠ ಮಾಡಿದ ಸೀಮೆ ಹೆಸರನ್ನೇ ಹಾಕಿಕೊಂಡರು. ಅಪ್ಪ ಅಮ್ಮನೂ ಊರಿನ ಹೆಸರೇ ಇಟ್ಟಿದ್ದರಲ್ಲ.

ಅದೇ ವರ್ಷ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯ ಕರೆಯಿತು. ಇಂಗ್ಲಿಷ್ ಸಾಹಿತ್ಯ ಪಾಠ, ತಿಂಗಳಿಗೆ 400 ಯೆನ್. ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ ದೇಶದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಡೀನ್ ತೊಯಾಮ ಮಸಾಕಜು ಇವರ ಪುಸ್ತಕ ಓದಿ ಮೆಚ್ಚಿ ಕರೆಸಿದವರು, ಸಂಬಳದ ವಿಷಯದಲ್ಲೂ ಕಾಪಾಡಿದರು. ಮೇಷ್ಟ್ರು ನೋಟ್ಸ್ ಇಲ್ಲದೆ ನಿಧಾನಕ್ಕೆ, ಸರಳ ಇಂಗ್ಲಿಷಿನಲ್ಲಿ, ಹುಡುಗರು ಅಕ್ಷರ ಅಕ್ಷರ ಬರೆದುಕೊಳ್ಳೋ ಹಾಗೆ ಪಾಠ ಮಾಡುತ್ತಿದ್ದರು. ಎಷ್ಟು ನಿಖರ ಅಂದ್ರೆ, ಅವರು ಸತ್ತ ಮೇಲೆ ಹುಡುಗರ ನೋಟ್‌ಬುಕ್ ಜೋಡಿಸಿಯೇ ಅಮೆರಿಕಾದಲ್ಲಿ ದಪ್ಪ ದಪ್ಪ ಪುಸ್ತಕ ಬಂದವು. ಸ್ಟಾಫ್ ರೂಮಿಗೆ ಹೋಗುತ್ತಿರಲಿಲ್ಲ. ಪೀರಿಯಡ್ ಮಧ್ಯೆ ಕ್ಯಾಂಪಸ್ಸಿನ ಕೊಳದ ಹತ್ತಿರ ಒಬ್ಬರೇ ತಿರುಗೋರು.

1900ರಲ್ಲಿ ತೊಯಾಮ ತೀರಿಕೊಂಡರು. ಬೆನ್ನಿಗೆ ನಿಲ್ಲೋರು ಇಲ್ಲ. 1903ರ ಜನವರಿಯಲ್ಲಿ ವಿಶ್ವವಿದ್ಯಾಲಯದಿಂದ ಕಾಗದ ಬಂತು, ಮಾರ್ಚ್‌ಗೆ ಕರಾರು ಮುಗಿಯುತ್ತೆ, ಮುಂದುವರಿಸಲ್ಲ. ಏಳು ವರ್ಷ ಆಗುತ್ತಾ ಬಂದಿತ್ತು, ಎದುರಿಗೆ ಕೂರಿಸಿ ಒಂದು ಮಾತು ಹೇಳಲಿಲ್ಲ. ವಿದ್ಯಾರ್ಥಿಗಳು ಸಭೆ ಸೇರಿದರು, ಗಲಾಟೆ ಮಾಡಿದರು. ಆಮೇಲೆ ವಿಶ್ವವಿದ್ಯಾಲಯ ಕಡಿಮೆ ಪೀರಿಯಡ್ಡು, ಕಡಿಮೆ ಸಂಬಳಕ್ಕೆ ಇರಿ ಅಂತ ಕೇಳಿತು. ಮೇಷ್ಟ್ರು ಒಪ್ಪಲಿಲ್ಲ. ಹಾರ್ಪರ್ಸ್ ಜೊತೆ ಜಗಳ ಆಡಿದ ಸಿಟ್ಟೇ ಇದು. ಈ ಸಲ ನಾನು ಮೇಷ್ಟ್ರ ಕಡೆ.

ಅವರ ಜಾಗಕ್ಕೆ ಬಂದವರಲ್ಲಿ ಒಬ್ಬರು ಲಂಡನ್‌ನಿಂದ ಆಗಷ್ಟೇ ವಾಪಸ್ಸಾದ ನತ್ಸುಮೆ ಸೊಸೆಕಿ. ಮುಂದೆ ಜಪಾನಿನ ದೊಡ್ಡ ಕಾದಂಬರಿಕಾರ. ಕುಮಾಮೊತೊದ ಅದೇ ಶಾಲೆಯಲ್ಲೂ ಹರ್ನ್ ಬಿಟ್ಟ ಎರಡು ವರ್ಷಕ್ಕೆ ಪಾಠ ಮಾಡಿದ್ದರು. ಹಳೇ ಮೇಷ್ಟ್ರನ್ನ ಹಚ್ಚಿಕೊಂಡ ಹುಡುಗರು ಹೊಸಬರ ಪಾಠಕ್ಕೆ ಮೂತಿ ತಿರುಗಿಸಿದರು. ಪಾಪ, ಅದರಲ್ಲಿ ಸೊಸೆಕಿ ತಪ್ಪೇನಿಲ್ಲ.

ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯ ಉಪನ್ಯಾಸಕ್ಕೆ ಕರೆದಿತ್ತು. ಮೇಷ್ಟ್ರು ಕೂತು ಉಪನ್ಯಾಸ ಬರೆದರು. ಆ ಊರಲ್ಲಿ ಟೈಫಾಯ್ಡ್ ಹಬ್ಬಿತು, ಕರೆ ವಾಪಸ್ ಹೋಯಿತು. ಬರೆದಿದ್ದನ್ನೇ ಜಪಾನ್ ಬಗ್ಗೆ ಪುಸ್ತಕ ಮಾಡಿದರು. 1904ರ ಏಪ್ರಿಲ್‌ನಲ್ಲಿ ದೆವ್ವದ ಕಥೆಗಳ ಪುಸ್ತಕ ಕ್ವೈದಾನ್ ಬಂತು. ಅದೇ ಹೊತ್ತಿಗೆ ವಾಸೆದ ಅನ್ನೋ ಖಾಸಗಿ ವಿದ್ಯಾಸಂಸ್ಥೆ ಮರ್ಯಾದೆಯಿಂದ ಕರೆದು ಕೆಲಸ ಕೊಟ್ಟಿತ್ತು. ಎತ್ತರದ ಮೇಜು ಮಾಡಿಸಿಕೊಂಡು, ಕಾಗದಕ್ಕೆ ಮೂಗು ತಾಗೋ ಹಾಗೆ ಕೂತು ಬರೆಯುತ್ತಿದ್ದರು. ಸೆಪ್ಟೆಂಬರ್ 26ರ ಸಂಜೆ ಎದೆನೋವು ಬಂತು. ಮನೆಯಲ್ಲೇ ಹೋದರು. 54 ವರ್ಷ. ಕೊನೆ ಮಗಳು ಸುಜುಕೊಗೆ ಒಂದು ವರ್ಷ.

ಬೌದ್ಧ ಪದ್ಧತಿಯಲ್ಲಿ ಸಂಸ್ಕಾರ ಆಯಿತು. ಟೋಕಿಯೊದ ಜೊಶಿಗಾಯ ಸ್ಮಶಾನದಲ್ಲಿ ಸಮಾಧಿ ಇದೆ. ಸೊಸೆಕಿ ಸಮಾಧಿಯೂ ಅಲ್ಲೇ.

ಮನೆಅಳಿಯ ಆಗಿದ್ದಕ್ಕೆ, ಮನೆ, ಪುಸ್ತಕದ ಹಣ ಎಲ್ಲ ತಕರಾರಿಲ್ಲದೆ ಸೆತ್ಸುಗೆ ಮತ್ತು ಮಕ್ಕಳಿಗೆ ಬಂತು. 1914ರಲ್ಲಿ ಸೆತ್ಸು ತಮ್ಮ ಗಂಡನ ನೆನಪುಗಳನ್ನ ಹೇಳಿ ಬರೆಸಿದರು. ಕಥೆ ಹೇಳೋ ರಾತ್ರಿಗಳ ಬಗ್ಗೆ ಇವತ್ತು ನಮಗೆ ಗೊತ್ತಿರೋದು ಅದರಿಂದಲೇ. ಆಕೆ ಬದುಕಿದ್ದು 1932ರವರೆಗೆ. 1964ರಲ್ಲಿ ಕೊಬಾಯಾಶಿ ಮಸಾಕಿ ಈ ಕಥೆಗಳನ್ನ ಸಿನಿಮಾ ಮಾಡಿದರು, ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. 2025ರಲ್ಲಿ ಜಪಾನಿನ ಸಾರ್ವಜನಿಕ ಟಿ.ವಿ ಬೆಳಗಿನ ಧಾರಾವಾಹಿ ಮಾಡಿತು. ಅದರಲ್ಲಿ ನಾಯಕಿ ಸೆತ್ಸು, ಮೇಷ್ಟ್ರು ಎರಡನೇ ಪಾತ್ರ.

ಮತ್ಸುಯೆಯಲ್ಲಿ ಕೋಟೆ ಕಂದಕದ ಪಕ್ಕ ಅವರು ಬಾಡಿಗೆಗಿದ್ದ ಸಮುರಾಯ್ ಮನೆ ಹಾಗೇ ಇದೆ. ಮನೆ ಮೂರು ಕಡೆ ತೋಟ. ಅಲ್ಲಿನ ಕೊಳಕ್ಕೆ ಕಪ್ಪೆ ಹಿಡಿಯೋಕೆ ಹಾವು ಬರುತ್ತಿತ್ತು. ಹಾವನ್ನ ಹೊಡೆಯಬೇಡಿ ಅಂತಿದ್ದ ಮೇಷ್ಟ್ರು, ಕಪ್ಪೆ ಬಿಟ್ಟುಬಿಡಲಿ ಅಂತ ತಮ್ಮ ತಟ್ಟೆಯ ಮಾಂಸದ ತುಂಡು ತಂದು ಅದರ ಮುಂದೆ ಇಡುತ್ತಿದ್ದರಂತೆ. ಟಿಕೆಟ್ ತಗೊಂಡು ಒಳಗೆ ಹೋದರೆ ಆ ಕೊಳ ಈಗಲೂ ನೋಡಬಹುದು.